ಟ್ಯಾಬ್ಲೆಟ್ ಚಿಕ್ಕದೋ, ದೊಡ್ಡದೋ?

1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು. ನಮ್ಮ ತಾಳವಾಡಿ ಮಾತ್ರ ತಮಿಳು ಸೀಮೆಯಲ್ಲೇ ಉಳಿಯಿತು. ಆದುದರಿಂದ ಕನ್ನಡ ಪುಸ್ತಕಕ್ಕಾಗಿ ಕಾಯುವ ಕಷ್ಟವನ್ನು ಈ ಪತ್ರಿಕೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಇಂದು ಕರ್ನಾಟಕದ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಹೀಗಾಗಿಯೇ ಹಳೆಯ ಟ್ಯಾಬ್ಲೆಟ್ ಬದಲಿಸುವಾಗ ಚಿಕ್ಕದನ್ನು ಕೊಳ್ಳಬೇಕೋ ದೊಡ್ಡದನ್ನೋ ಎಂಬ ಪ್ರಶ್ನೆ ನಮ್ಮಂಥವರ ಮನೆಗಳಲ್ಲಿ ಕೇವಲ ಶೋಕಿಯ ಪ್ರಶ್ನೆಯಲ್ಲ.

ನನ್ನ ಏಳು ಇಂಚಿನ ಟ್ಯಾಬ್ಲೆಟ್ ಕಳೆದ ಮಳೆಗಾಲದಲ್ಲಿ ಕೆಟ್ಟಿತು. ಅದಕ್ಕೆ ಮುಂಚೆ ಒಬ್ಬ ಹುಡುಗ ಅದರಲ್ಲಿ ಪಾಠ ಓದುತ್ತ ‘ಲಕ್ಷ್ಯ’ವನ್ನು ‘ಲಕ್ಷ’ ಎಂದೇ ಓದಿದ. ಗದರಿಸಹೊರಟವನು ಕನ್ನಡಕ ಏರಿಸಿ ನೋಡಿದೆ. ತಪ್ಪು ಹುಡುಗನದಲ್ಲ, ಒತ್ತಕ್ಷರವೇ ಮಸುಕಾಗಿತ್ತು.

ಲೆಕ್ಕ ಹಾಕೋಣ. ಇಂಚು ಎಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ, ಅಗಲವಲ್ಲ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಎ9 ಮಾದರಿ 8.7 ಇಂಚು, 332 ಗ್ರಾಂ. ಎ9 ಪ್ಲಸ್ 11 ಇಂಚು, 480 ಗ್ರಾಂ. ಪರದೆಯ ಅಗಲ ಮೊದಲನೆಯದರಲ್ಲಿ ಸುಮಾರು 11 ಸೆಂಟಿಮೀಟರ್, ಎರಡನೆಯದರಲ್ಲಿ 15. ಎ-4 ಹಾಳೆಯ ಅಗಲ 21. ಆ ಅಳತೆಯ ಪುಟದ 12 ಪಾಯಿಂಟ್ ಅಕ್ಷರ ಚಿಕ್ಕದರಲ್ಲಿ ಆರೂವರೆಗೆ ಕುಗ್ಗುತ್ತದೆ, ದೊಡ್ಡದರಲ್ಲಿ ಎಂಟೂವರೆಗೆ.

ತಮಿಳಿನಲ್ಲಿ ಪುಳ್ಳಿ ಇಟ್ಟ ಅಕ್ಷರ ಸಾಲಿನಲ್ಲೇ ಕೂರುತ್ತದೆ. ಕನ್ನಡದಲ್ಲಿ ಒತ್ತು ಕೆಳಗಿಳಿದು ಇನ್ನೂ ಸಣ್ಣದಾಗುತ್ತದೆ. ತಮಿಳು ಓದುವವರಿಗೆ ಸಾಕಾದ ಪರದೆ ನಮಗೆ ಸಾಲದು.

ಹಿಗ್ಗಿಸಿ ಓದಬಹುದಲ್ಲ ಎನ್ನುವಿರಿ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಸರಿಸಬೇಕು. ಮಗು ಸಾಲು ತಪ್ಪುತ್ತದೆ, ಬೇಸತ್ತು ಆಟಕ್ಕೆ ತಿರುಗುತ್ತದೆ.

ಚಿಕ್ಕದು ಬೇಡವೇ ಬೇಡ ಎಂದಲ್ಲ. ಬೆಲೆ ಕಡಿಮೆ, ಒಂದೇ ಕೈಯಲ್ಲಿ ಹಿಡಿಯಬಹುದು. ದಿಂಬಂ ಘಾಟಿಯ 27 ತಿರುವುಗಳಲ್ಲಿ ಬಸ್ಸಿನ ಕಂಬಿ ಹಿಡಿದು ನಿಲ್ಲುವವನಿಗೆ 148 ಗ್ರಾಂ ವ್ಯತ್ಯಾಸವೂ ಗೊತ್ತಾಗುತ್ತದೆ. ಬರೀ ಸುದ್ದಿ, ಪತ್ರ ನೋಡುವವರಿಗೆ ಅದು ಸಾಕು. ಆದರೆ ಮನೆಗೆಲ್ಲ ಒಂದೇ ಟ್ಯಾಬ್ಲೆಟ್, ಅದರಲ್ಲಿ ಮಕ್ಕಳು ಕನ್ನಡ ಓದಬೇಕು ಎಂದಿದ್ದರೆ ದೊಡ್ಡದೇ ಸರಿ. ಹಣ ಸಾಲದಿದ್ದರೆ ಇನ್ನೆರಡು ತಿಂಗಳು ಕೂಡಿಟ್ಟು ಕೊಳ್ಳುವುದು ಮೇಲು. ಮೆಮೊರಿ ಕಾರ್ಡ್ ಹಾಕಲು ಜಾಗವಿದೆಯೇ ಎಂದೂ ಕೇಳಿ. ಪೇಟೆಯಲ್ಲೇ ಪುಸ್ತಕಗಳನ್ನು ಇಳಿಸಿಕೊಂಡು ಬಂದರೆ ಸಿಗ್ನಲ್ ಇಲ್ಲದ ಊರಿನಲ್ಲೂ ಓದು ನಿಲ್ಲದು.

ಕೊನೆಗೊಂದು ಮಾತು. ಅಂಗಡಿಯವರು ಬಣ್ಣಬಣ್ಣದ ಸಿನಿಮಾ ಹಾಕಿ ತೋರಿಸುತ್ತಾರೆ. ಅದನ್ನು ನಿಲ್ಲಿಸಲು ಹೇಳಿ, ಒಂದು ಕನ್ನಡ ಪಾಠದ ಪುಟ ತೆರೆಸಿ. ಹಿಗ್ಗಿಸದೆ ಮಗುವಿನ ಕೈಗೆ ಕೊಟ್ಟು ಓದಿಸಿ. ‘ಲಕ್ಷ್ಯ’ವನ್ನು ಅದು ‘ಲಕ್ಷ್ಯ’ ಎಂದೇ ಓದಿದರೆ ಹಣ ಕೊಡಿ.