ಕಂದು ರೋಗ: ಒಂದೇ ಪರೀಕ್ಷೆ ತೀರ್ಪಾಗದಿರಲಿ

ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ತಗುಲಿದರೆ ಗಬ್ಬದ ದನ ಕಂದು ಹಾಕುತ್ತದೆ. ಹಸಿ ಹಾಲಿನ ಮೂಲಕ ಮನುಷ್ಯರಿಗೂ ಹರಡುತ್ತದೆ. ಇದನ್ನು ತಡೆಯಲು 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ನೀಡಲಾಗುತ್ತಿದೆ.

ತೊಡಕಿರುವುದು ಪರೀಕ್ಷೆಯಲ್ಲಿ. ರೋಸ್ ಬೆಂಗಾಲ್ ಪರೀಕ್ಷೆ ಗುರುತಿಸುವುದು ರೋಗಾಣುವಿನ ಹೊರಕವಚದ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು. ಎಸ್-19 ಲಸಿಕೆಯಲ್ಲೂ ಅದೇ ಕವಚವಿದೆ. ಹಾಗಾಗಿ ಲಸಿಕೆ ಪಡೆದ ಆರೋಗ್ಯವಂತ ದನವೂ ಕೆಲಕಾಲ ರೋಗಿಯಂತೆ ಕಾಣಬಹುದು. ವಿಜ್ಞಾನಿಗಳು ಪ್ರೋಟೀನ್ ಆಧಾರಿತ ಹೊಸ ಪ್ರತಿಜನಕಗಳನ್ನು ಹುಡುಕುತ್ತಿರುವುದು ಇದಕ್ಕಾಗಿಯೇ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಟ್ಟಿ, ಗೋಶಾಲೆಗಳಿಗೆ ಇದರ ಅರ್ಥ ಸರಳ: ಕಿವಿ ಓಲೆಯ ಸಂಖ್ಯೆಯೊಂದಿಗೆ ಲಸಿಕೆಯ ದಾಖಲೆ ಇಡಬೇಕು, ಪಶುವೈದ್ಯರ ಸಲಹೆಯಂತೆ ಎಲೈಸಾ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ದನವನ್ನು ಪ್ರತ್ಯೇಕವಾಗಿ ಸಾಕಬೇಕು, ಹಾಲು ಕಾಯಿಸಿಯೇ ಕುಡಿಯಬೇಕು. ತಪ್ಪು ಫಲಿತಾಂಶಕ್ಕೆ ಮೂಕಜೀವವೊಂದು ಆಸರೆ ಕಳೆದುಕೊಳ್ಳುವುದು ಜೀವದಯೆಯಲ್ಲ.