ಬೋರ್ಡ್ ಹೋಗ್ಯಾದ ಅನ್ನೂಕಿಂತ ಮೊದಲ

ಗೇಮಿಂಗ್ ಲ್ಯಾಪ್‌ಟಾಪ್ ಕುಂಟಕೋತ ನಡೀಲಾಕತ್ತದ ಅಂತ ರಿಪೇರಿ ಅಂಗಡಿಗಿ ಒಯ್ದ್ರ, ಹತ್ತರಾಗ ಎಂಟು ಕಡಿ ಬರೋ ಮೊದಲ ಮಾತು, ‘ಬೋರ್ಡ್ ಹೋಗ್ಯಾದ್ರಿ’. ಈ ಮಾತು ಹೇಳ್ಲಾಕ ಎರಡು ನಿಮಿಷ ಸಾಕು. ಕೇಳಿದವರಿಗಿ ಎರಡು ಕ್ವಿಂಟಲ್ ಹತ್ತಿ ಮಾರಿದ ರೊಕ್ಕ ಬೇಕು. ನನ್ನ ಮಾತು ಇಷ್ಟ ಅದ: ಬೋರ್ಡ್ ಅನ್ನೋದು ಕಡೀ ಮಾತು ಆಗಬೇಕು, ಮೊದಲ ಮಾತಲ್ಲ. ಯಾಕಂದ್ರ ಇಂಥ ಲ್ಯಾಪ್‌ಟಾಪ್‌ನ್ಯಾಗ ಗ್ರಾಫಿಕ್ಸ್ ಎರಡು ಇರ್ತಾವ. ಭಾಳ ಸಲ ಕೆಟ್ಟಿದ್ದು ಆ ಎರಡರಾಗ ಯಾವುದೂ ಅಲ್ಲ, ಒಂದರಿಂದ ಇನ್ನೊಂದಕ್ಕ ದಾಟೋ ದಾರಿ ಕೆಟ್ಟಿರ್ತದ.

ಎರಡ್ಯಾಕ ಅಂತ ಕೇಳ್ತೀರಿ. ನಮ್ಮ ಶಿರವಾಳದ ಕಡಿ ಮಂದಿಗಿ ಇದು ತಿಳೀಲಾಕ ಕಷ್ಟಿಲ್ಲ. ಮನಿ ದೀಪಕ್ಕ, ಫ್ಯಾನಿಗಿ ಸಿಂಗಲ್ ಫೇಸ್ ಸಾಕು. ಹೊಲದಾಗಿನ ಮೋಟಾರಿಗಿ ತ್ರೀ ಫೇಸ್ ಬೇಕು, ಅದು ದಿನಕ್ಕ ಏಳು ತಾಸು ಅಂತ ಲೆಕ್ಕ. ದೀಪ ಹಚ್ಚಲಾಕ ಯಾರೂ ತ್ರೀ ಫೇಸ್ ಕೇಳಂಗಿಲ್ಲ. ಲ್ಯಾಪ್‌ಟಾಪ್‌ನ್ಯಾಗ ಪ್ರೊಸೆಸರ್ ಜೋಡಿಗೇ ಬರೋ ಸಣ್ಣ ಗ್ರಾಫಿಕ್ಸ್ ಸಿಂಗಲ್ ಫೇಸ್ ಇದ್ದಂಗ. ಪತ್ರ ಬರೀಲಾಕ, ಪಿಚ್ಚರ್ ನೋಡ್ಲಾಕ ಅದು ಸಾಕು, ಬ್ಯಾಟರಿ ಕಡಿಮಿ ತಿಂತದ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ತ್ರೀ ಫೇಸ್. ಗೇಮಿಗಿ, ಮನಿ ನಕ್ಷೆ ತಗಿಯೋ ಸಾಫ್ಟ್‌ವೇರಿಗಿ ಅದು ಬೇಕೇ ಬೇಕು, ಆದ್ರ ಬ್ಯಾಟರಿ ಗಟಗಟ ಕುಡೀತದ, ಕಾಸಿದ ಹಂಚಿನಂಗ ಬಿಸಿ ಆಗ್ತದ.

ಮೊದಲು ಈ ಬದಲಿ ಕೆಲಸ ಮನುಷ್ಯಾರ ಕೈಯಾಗ ಇತ್ತು. 2006ರ ಸೋನಿ ವಾಯೋ ಎಸ್‌ಝಡ್ ಲ್ಯಾಪ್‌ಟಾಪಿಗಿ ಖರೇನೇ ಒಂದು ಬಟನ್ ಇತ್ತು. ಒಂದು ಕಡಿ ಸರಿಸಿದ್ರ ವೇಗ, ಇನ್ನೊಂದು ಕಡಿ ಸರಿಸಿದ್ರ ಬ್ಯಾಟರಿ ಉಳಿತಾಯ, ನಡುವ ಒಂದು ಸಲ ರೀಸ್ಟಾರ್ಟ್ ಮಾಡಬೇಕು. 2010ರಾಗ ಎನ್‌ವಿಡಿಯಾದವರು ಆಪ್ಟಿಮಸ್ ಅಂತ ತಂದ್ರು. ಬಟನ್ ಬ್ಯಾಡ, ಸಾಫ್ಟ್‌ವೇರೇ ನೋಡಿ ತಾನೇ ಬದಲು ಮಾಡ್ತದ ಅಂತ. ಇದರಾಗ ಪರದಿಯ ವೈರ್ ಸಣ್ಣ ಗ್ರಾಫಿಕ್ಸಿಗೇ ಜೋಡಿಸಿರ್ತದ. ದೊಡ್ಡದು ಒಳಗ ಕುಂತು ಚಿತ್ರ ತಯಾರು ಮಾಡಿ ಸಣ್ಣದರ ಕೈಗಿ ಕೊಡ್ತದ, ಸಣ್ಣದು ಒಯ್ದು ಪರದಿ ಮ್ಯಾಲ ಇಡ್ತದ. ಒಳಗ ಅಡಗಿ ಮಾಡಾಕಿ ಒಬ್ಬಾಕಿ, ಪಡಸಾಲಿಗಿ ತಂದು ಬಡಿಸಾಕಿ ಇನ್ನೊಬ್ಬಾಕಿ. ಇದು ಛಲೋ ಏರ್ಪಾಡೇ. ಆದ್ರ ಯಾವಾಗ ಯಾರು ಅಂತ ಹೇಳೋ ಸಾಫ್ಟ್‌ವೇರ್ ತಪ್ಪಿತು ಅಂದ್ರ, ದೊಡ್ಡ ಕಾರ್ಡ್ ಆರಾಮ ಮಲಗಿರ್ತದ, ಸಣ್ಣದು ಭಾರ ಹೊತ್ತು ತೇಕತದ. ನೋಡಿದವರು ಮಷೀನ್ ಸತ್ತದ ಅಂತಾರ.

ನಮ್ಮ ಮಗಳ ಲ್ಯಾಪ್‌ಟಾಪ್‌ದು ಹಿಂಗೇ ಆಯ್ತು. ಆಕಿ ಸಿವಿಲ್ ಇಂಜಿನಿಯರಿಂಗ್ ಕಲೀತಾಳ. ಕಟ್ಟಡ ಕಟ್ಟೂಕಿಂತ ಮೊದಲ ಹ್ಯಾಂಗ ಕಾಣ್ತದ ಅಂತ ತೋರಸೋ ಲ್ಯೂಮಿಯಾನ್ ಅಂಥ ಸಾಫ್ಟ್‌ವೇರಿಗಿ ದೊಡ್ಡ ಕಾರ್ಡ್ ಇಲ್ಲದ ನಡಿಯಂಗಿಲ್ಲ, ಅದಕ್ಕ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದ್ವಿ. ಹೆಣ್ಣುಹುಡುಗಿಗಿ ಆಟದ ಮಷೀನ್ ಯಾಕ ಅಂತ ಬೀಗರ ಮಂದಿ ಅಂದಿದ್ದು ಬ್ಯಾರೆ. ಪ್ರಾಜೆಕ್ಟ್ ಒಪ್ಪಸೋದು ಹನ್ನೆರಡು ದಿನ ಉಳಿದಾಗ ಸಾಫ್ಟ್‌ವೇರ್ ತಗದ್ರ ಪರದಿ ಕಲ್ಲಾಗಿ ನಿಲ್ಲಾಕತ್ತು. ಅಂಗಡಿಯವ ಹತ್ತು ನಿಮಿಷ ನೋಡಿ, ‘ಅಕ್ಕಾರ, ದೊಡ್ಡ ಕಾರ್ಡ್ ಲಿಸ್ಟಿನ್ಯಾಗೇ ಇಲ್ರಿ, ಬೋರ್ಡ್ ಹೋಗ್ಯಾದ, ಹದಿನೈದು ಸಾವಿರ ಆಗ್ತದ’ ಅಂದ. ಮನ್ಯಾಗ ಅವರಪ್ಪ, ಇದನ್ನ ಮಾರಿ ಸಾದಾ ಒಂದು ತಗೊಳ್ಳೋಣು ಅಂತ ಕುಂತ್ರು. ‘ಯವ್ವಾ, ಸಾದಾದ್ರಾಗ ನನ್ನ ಕೆಲಸ ನಡಿಯಂಗಿಲ್ಲ’ ಅಂತ ಆಕಿ ಕಣ್ಣಾಗ ನೀರು.

ಲಿಸ್ಟಿನ್ಯಾಗ ಇಲ್ಲ ಅಂದ್ರ ಸತ್ತದ ಅಂತ ಅರ್ಥ ಅಲ್ಲ, ಅಂವ ಇದನ್ನೇ ಬಿಟ್ಟಿದ್ದ. ಈಗಿನ ಗೇಮಿಂಗ್ ಲ್ಯಾಪ್‌ಟಾಪಿಗಿ ಕಂಪನಿಯವರದೇ ಒಂದು ಆಪ್ ಇರ್ತದ. ಏಸಸ್‌ನವರದು ಆರ್ಮರಿ ಕ್ರೇಟ್, ಲೆನೊವೊದವರದು ವಾಂಟೇಜ್, ಎಚ್‌ಪಿಯವರದು ಓಮೆನ್ ಗೇಮಿಂಗ್ ಹಬ್, ಹಿಂಗ ಒಬ್ಬೊಬ್ಬರದು ಒಂದೊಂದು ಹೆಸರು. ಇಂಥ ಕೆಲವು ಆಪಿನ್ಯಾಗ ಬ್ಯಾಟರಿ ಉಳಿಸ್ಲಾಕ ದೊಡ್ಡ ಕಾರ್ಡ್ ಪೂರಾ ಬಂದ್ ಮಾಡೋ ಒಂದು ಮೋಡ್ ಇರ್ತದ. ಅದನ್ನ ಹಚ್ಚಿದ್ರ ಡಿವೈಸ್ ಮ್ಯಾನೇಜರ್‌ನ್ಯಾಗ ಆ ಕಾರ್ಡಿನ ಹೆಸರೇ ಕಾಣಂಗಿಲ್ಲ. ಪರೀಕ್ಷಾದಾಗ ಕರೆಂಟ್ ಹೋಗಿ ಬರೋದು ನಡದಿತ್ತು, ಆಗ ಮಗಳು ಬ್ಯಾಟರಿ ಉಳೀಲಿ ಅಂತ ಆ ಮೋಡ್ ಹಚ್ಚಿದ್ಳು. ಮೋಡ್ ಬದಲಿ ಮಾಡಿ, ಶಟ್ ಡೌನ್ ಮಾಡಿ, ಮತ್ತ ಚಾಲು ಮಾಡಿದ್ವಿ. ಕಾರ್ಡ್ ಬರಲಿಲ್ಲ. ರೀಸ್ಟಾರ್ಟ್ ಒತ್ತಿದ್ವಿ, ಬಂತು.

ಈ ಶಟ್ ಡೌನ್, ರೀಸ್ಟಾರ್ಟ್ ಫರಕು ಮನ್ಯಾಗ ಎಲ್ಲರೂ ತಿಳಕೋಬೇಕು. ವಿಂಡೋಸ್‌ನ್ಯಾಗ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಲತ್ತು ಅದ. ಅದು ಚಾಲು ಇದ್ರ ಶಟ್ ಡೌನ್ ಮಾಡಿದಾಗ ಮಷೀನ್ ಪೂರಾ ಮರಿಯಂಗಿಲ್ಲ. ಒಳಗಿನ ಸ್ಥಿತಿ ಬರಕೊಂಡು ಮಲಗ್ತದ, ಎದ್ದಾಗ ಅದನ್ನೇ ಓದ್ಕೊಂಡು ಎದ್ದೇಳ್ತದ. ರೀಸ್ಟಾರ್ಟ್ ಒಂದೇ ಪೂರಾ ತೊಳದು ಹೊಸದಾಗಿ ಹಚ್ತದ. ‘ಬಂದ್ ಮಾಡಿ ಹಚ್ಚಿನ್ರಿ, ಆದ್ರೂ ಹಂಗೇ ಅದ’ ಅನ್ನೋವರು ಭಾಳ ಮಂದಿ, ಅವರಿಗಿ ಇದೊಂದು ಮಾತು ಹೇಳ್ರಿ.

ಎಲ್ಲಾರ್ದೂ ಮೋಡಿನ ತ್ರಾಸೇ ಇರ್ತದ ಅಂತ ನಾ ಅನ್ನಂಗಿಲ್ಲ. ಅದಕ್ಕ ಮೊದಲ ಯಾವ ಕಾರ್ಡ್ ಕೆಲಸ ಮಾಡ್ಲಾಕತ್ತದ ಅಂತ ಕಣ್ಣಾರೆ ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೇ ಒತ್ತಿದ್ರ ಟಾಸ್ಕ್ ಮ್ಯಾನೇಜರ್ ತೆರೀತದ. ಪರ್ಫಾರ್ಮೆನ್ಸ್ ಅನ್ನೋ ಕಡಿ ಜಿಪಿಯು 0, ಜಿಪಿಯು 1 ಅಂತ ಎರಡು ಕಾಣಬೇಕು, ಒತ್ತಿದ್ರ ಹೆಸರು ತೋರಸ್ತದ. ಗೇಮ್ ಓಡಿಸಿಟ್ಟು ನೋಡ್ರಿ. ದೊಡ್ಡ ಕಾರ್ಡಿನ ಗೆರಿ ಮಲಗಿದ್ದು ಸಣ್ಣದರದು ನೂರಕ್ಕ ಹತ್ತಿರ ಇದ್ರ, ಬದಲಿ ಆಗಿಲ್ಲ. ಎರಡೂ ಕಾಣಲಾಕತ್ತಾವ, ದೊಡ್ಡದು ದುಡೀಲಾಕತ್ತದ, ಆದ್ರೂ ನಿಧಾನ ಅಂದ್ರ ತ್ರಾಸು ಬ್ಯಾರೆ ಕಡಿ ಅದ.

ಆ ಬ್ಯಾರೆ ಕಡಿ ಅಂದ್ರ ನಮ್ಮ ಭಾಗದಾಗ ಹೆಚ್ಚಾಗಿ ಬಿಸಿ. ಬ್ಯಾಸಗಿಯಾಗ ಯಾದಗಿರಿ, ಶಹಾಪುರ ಕಡಿ ಬಿಸಲು 40 ಡಿಗ್ರಿ ದಾಟ್ತದ. ಅದರ ಮ್ಯಾಲ ಹತ್ತಿ ಬಿಡಿಸೋ ದಿನದಾಗ ಮನಿ ತುಂಬ ಎಳಿ, ಧೂಳ. ಲ್ಯಾಪ್‌ಟಾಪಿನ ಫ್ಯಾನಿನ ಬಾಯಿಗಿ ಆ ಎಳಿ ಕುಂತು ಮೆತ್ತಗಾದ ಮ್ಯಾಲ ಕಾರ್ಡ್ ತನ್ನ ಜೀವ ಉಳಸ್ಕೊಳ್ಲಾಕ ವೇಗ ಇಳಸ್ತದ. ಫರಕು ಗುರುತಿಸೋದು ಸಸಾರ. ಹಚ್ಚಿದ ಕೂಡ್ಲೇ ಕುಂಟಿದ್ರ ಬದಲಿ ತ್ರಾಸು, ಹತ್ತು ಹದಿನೈದು ನಿಮಿಷ ಛಲೋ ಓಡಿ ಆಮ್ಯಾಲ ಕುಂಟಿದ್ರ ಬಿಸಿ ತ್ರಾಸು. ಹಾಸಗಿ ಮ್ಯಾಲ, ಕೌದಿ ಮ್ಯಾಲ ಇಟ್ಟು ಓಡಿಸೋ ಹುಡುಗರಿಗಿ ಬೈಲಾಕ ಇಲ್ಲಿ ನನಗ ಪೂರಾ ಹಕ್ಕದ.

ಇನ್ನ ಚಾರ್ಜರ್. ಗೇಮಿಂಗ್ ಲ್ಯಾಪ್‌ಟಾಪಿನ ಖಾಸ ಚಾರ್ಜರ್ ಇಟ್ಟಂಗಿ ಇದ್ದಂಗ ಇರ್ತದ, 180 ವ್ಯಾಟ್, 230 ವ್ಯಾಟ್ ಹಿಂಗ. ಹೊರಲಾಕ ಭಾರ ಅಂತ 65 ವ್ಯಾಟಿನ ಟೈಪ್ ಸಿ ಹಚ್ಚಿದ್ರ ಚಾರ್ಜ್ ಆಗ್ತದ, ದುಡಿಯಂಗಿಲ್ಲ. ಕರೆಂಟ್ ಹೋಗಿ ಬ್ಯಾಟರಿ ಮ್ಯಾಲ ಬಂದಾಗ ನಿಧಾನ ಆಗೋದು ರೋಗ ಅಲ್ಲ. ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಅನ್ನೋದು ಬೇಕಂತೇ ಗೇಮಿನ ಫ್ರೇಮ್ 30ಕ್ಕ ಇಳಸ್ತದ.

ಕಾರ್ಡ್ ಎರಡೂ ಅವ, ಚಾರ್ಜರ್ ಸರಿ ಅದ, ಆದ್ರೂ ಒಂದೇ ಒಂದು ಸಾಫ್ಟ್‌ವೇರ್ ಸಣ್ಣದರ ಮ್ಯಾಲೇ ಓಡ್ತದ ಅಂದ್ರ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಒಳಗ ಹೋಗಿ ಆ ಸಾಫ್ಟ್‌ವೇರಿಗಿ ಹೈ ಪರ್ಫಾರ್ಮೆನ್ಸ್ ಕೊಡಬೇಕು. ವಿಂಡೋಸ್ 10ಕ್ಕ ಈ ಪುಟ ಬಂದದ್ದು 2018ರಾಗ. ಅದಕ್ಕೂ ಮೊದಲ ಎಲ್ಲಾ ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನ್ಯಾಗ ನಡೀತಿತ್ತು, ಹಳೇ ವಿಡಿಯೋ ನೋಡಿದವರು ಈಗೂ ಅಲ್ಲೇ ಹುಡುಕ್ತಾರ. ಎರಡೂ ಕಡಿ ಬ್ಯಾರೆ ಬ್ಯಾರೆ ಹೇಳಿದ್ರ ವಿಂಡೋಸ್ ಮಾತೇ ನಡೀತದ. ಅತ್ತಿ ಒಂದು, ಸೊಸಿ ಒಂದು ಹೇಳಿದ ಮನ್ಯಾಗ ಯಾರದು ನಡೀತದ ಅಂತ ಮೊದಲ ತಿಳಕೊಂಡಿದ್ರ ಛಲೋ. ಇನ್ನೊಂದು, ಗೇಮಿಗಿ ಬಾಗಲದಾಗ ನಿಂತ ಲಾಂಚರ್ ಬ್ಯಾರೆ ಇರ್ತದ, ಒಳಗಿನ ಖರೇ ಗೇಮ್ ಫೈಲ್ ಬ್ಯಾರೆ ಇರ್ತದ. ಲಾಂಚರಿಗಿ ಕೊಟ್ಟು, ಆಗವಲ್ದು ಅಂತ ಕುಂತ್ರ ಆಗಂಗಿಲ್ಲ.

ಲಿಸ್ಟಿನ್ಯಾಗ ಹೆಸರು ಅದ, ಆದ್ರ ಹಳದಿ ತ್ರಿಕೋನ, ಕೋಡ್ 43 ಅಂತ ಬಂದಿದ್ರ ಆಗ ಡ್ರೈವರ್ ಕಡಿ ಹೋಗ್ರಿ. ನೆಟ್ ಬಂದ್ ಮಾಡಿ, ಸೇಫ್ ಮೋಡ್‌ನ್ಯಾಗ ಡಿಡಿಯು ಅನ್ನೋ ಪುಗಸಟ್ಟಿ ಸಾಫ್ಟ್‌ವೇರ್‌ಲಿಂದ ಹಳೇದು ಪೂರಾ ತಗದು, ಲ್ಯಾಪ್‌ಟಾಪ್ ಕಂಪನಿಯ ಸೈಟಿನ್ಯಾಗ ನಿಮ್ಮ ಮಾಡೆಲ್ಲಿಗೇ ಇದ್ದ ಡ್ರೈವರ್ ಹಾಕಬೇಕು. ಮೊದಲ ಸಣ್ಣದರದು, ಆಮ್ಯಾಲ ದೊಡ್ಡದರದು. ನೆಟ್ ಬಂದ್ ಯಾಕಂದ್ರ, ನಡುವ ವಿಂಡೋಸ್ ತಾನೇ ಒಂದು ತಂದು ತುರುಕ್ತದ. ಇಷ್ಟೂ ಮಾಡಿ, ಮತ್ತ ಅದೇ 43 ಬಂದ್ರ ಆಗ ಬೋರ್ಡಿನ ಮಾತು ಕೇಳ್ಲಾಕ ನಾ ತಯಾರಿದ್ದೀನಿ.

ಒಂದು ಸಲಹಾ ಮಾತ್ರ ಯಾರು ಹೇಳಿದ್ರೂ ಕೇಳಬ್ಯಾಡ್ರಿ: ಸಣ್ಣ ಗ್ರಾಫಿಕ್ಸ್ ಡಿಸೇಬಲ್ ಮಾಡ್ರಿ, ದೊಡ್ಡದು ತಾನೇ ಬರ್ತದ ಅನ್ನೋದು. ಪರದಿಯ ವೈರ್ ಸಣ್ಣದಕ್ಕ ಅದ ಅಂತ ಮ್ಯಾಲ ಹೇಳೀನಲ್ಲ. ಬಡಿಸಾಕಿಗಿ ಹೊರಗ ಹಾಕಿದ್ರ ಅಡಗಿ ಒಳಗೇ ಉಳೀತದ.

ಇನ್ನ ಕೆಲವು ಲ್ಯಾಪ್‌ಟಾಪಿಗಿ ಮಕ್ಸ್ ಸ್ವಿಚ್ ಅಂತ ಇರ್ತದ. ಅದು ಪರದಿಯ ವೈರನ್ನೇ ದೊಡ್ಡ ಕಾರ್ಡಿಗಿ ಸೀದಾ ಜೋಡಸ್ತದ, ನಡುವಿನ ಬಡಿಸೋ ಕೆಲಸ ತಪ್ಪಿ ಗೇಮ್ ಇನ್ನೂ ಜರಾ ಜೋರ್ ಓಡ್ತದ. ಹುಡುಗರು ಇದನ್ನ ಕಾಯಂ ದೊಡ್ಡದಕ್ಕೇ ಹಚ್ಚಿಡ್ರಿ, ಬದಲಿ ತ್ರಾಸೇ ಬ್ಯಾಡ ಅಂತಾರ. ನನಗ ಇದು ಒಪ್ಪಿಗಿ ಇಲ್ಲ. ಬೆಂಗಳೂರಾಗ ಇಪ್ಪತ್ನಾಕು ತಾಸು ಪ್ಲಗ್ಗಿಗಿ ಹಚ್ಕೊಂಡು ಕುಂತವರಿಗಿ ಅದು ನಡೀತದ. ಕರೆಂಟ್ ಯಾವಾಗ ಹೋಗ್ತದ ಗೊತ್ತಿಲ್ಲದ ಊರಾಗ, ಬ್ಯಾಟರಿ ಮ್ಯಾಲ ನೋಟ್ಸ್ ಓದೋ ಹುಡುಗರಿಗಿ ಹೈಬ್ರಿಡ್ ಮೋಡೇ ಸರಿ. ಪ್ರಾಜೆಕ್ಟ್ ಮಾಡೋ ಆ ನಾಕು ತಾಸಿಗಿ ಬೇಕಾದ್ರ ಬದಲಿ ಮಾಡ್ಕೊಳ್ಳಲಿ.

ಇದು ಬರೇ ನಮ್ಮ ಹಳ್ಳಿ ಮಂದಿಯ ತ್ರಾಸು ಅಂತ ಸಂಕೋಚ ಪಡಬ್ಯಾಡ್ರಿ. 2012ರಾಗ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಾಗ ಲಿನಕ್ಸ್ ಹುಟ್ಟಿಸಿದ ಲೀನಸ್ ಟೋರ್ವಾಲ್ಡ್ಸ್ ಮಾತಾಡ್ಲಾಕ ಬಂದಿದ್ದ. ಸಭಾದಾಗ ಒಬ್ಬಾಕಿ ಹೆಣ್ಣುಮಗಳು ಎದ್ದು, ನನ್ನ ಲ್ಯಾಪ್‌ಟಾಪಿನ ಆಪ್ಟಿಮಸ್‌ಗೆ ಲಿನಕ್ಸಿನ್ಯಾಗ ಕಂಪನಿಯವರ ಆಸರ ಇಲ್ಲಲ್ಲ ಅಂತ ಕೇಳಿದ್ಳು. ಅಂವ ಕ್ಯಾಮೆರಾ ಮುಂದೇ ಎನ್‌ವಿಡಿಯಾಕ್ಕ ಕೈ ಮಾಡಿ ಬೈದ. ಬೈದಿದ್ದು ಇಲ್ಲಿ ಬರಿಯೋ ಹಂಗಿಲ್ಲ. ಅಷ್ಟು ದೊಡ್ಡ ಸಭಾದಾಗ ಒಬ್ಬಾಕಿ ಎದ್ದು ಕೇಳಿದ್ಳಲ್ಲ, ನನಗ ಅದು ಛಲೋ ಅನಿಸ್ತು.

ಅಂಗಡಿಯವರೆಲ್ಲಾ ಮೋಸ ಮಾಡ್ತಾರ ಅಂತ ನಾ ಹೇಳಲಾಕತ್ತಿಲ್ಲ. ಬಾಡಗಿ ಕಟ್ಟಬೇಕು, ದಿನಾ ಇಪ್ಪತ್ತು ಮಷೀನ್ ಬರ್ತಾವ, ಬಿಚ್ಚಿ ಬದಲಿ ಮಾಡೋದು ಹುಡುಕೂಕಿಂತ ಲಗೂನ ಆಗ್ತದ. ಆದ್ರ ಡಾಕ್ಟರ್ ಆಪರೇಷನ್ ಅಂದಾಗ ಎಕ್ಸ್‌ರೇ ತೋರಸ್ರಿ ಅಂತೀವಿ, ಇಲ್ಲಿ ಯಾಕ ಸುಮ್ ಇರ್ತೀವಿ? ಡಿವೈಸ್ ಮ್ಯಾನೇಜರ್‌ನ್ಯಾಗ ಏನ್ ತೋರಸ್ತದ, ಕಂಪನಿ ಆಪಿನ ಮೋಡ್ ಯಾವುದದ, ಡ್ರೈವರ್ ತಗದು ಹಾಕಿ ನೋಡಿರೇನು, ಎಚ್‌ಡಿಎಂಐ ಹಚ್ಚಿ ಹೊರಗಿನ ಪರದಿಗಿ ನೋಡಿರೇನು ಅಂತ ಕೇಳ್ರಿ. ಭಾಳ ಗೇಮಿಂಗ್ ಲ್ಯಾಪ್‌ಟಾಪಿನ್ಯಾಗ ಎಚ್‌ಡಿಎಂಐ ಬಾಯಿ ಸೀದಾ ದೊಡ್ಡ ಕಾರ್ಡಿಗೇ ಇರ್ತದ, ಅಲ್ಲಿ ಚಿತ್ರ ಬಂತಂದ್ರ ಕಾರ್ಡ್ ಜೀವಂತ ಅದ ಅಂತ ಆತು. ವಾರಂಟಿ ಇದ್ರ ಹೊರಗಿನವರ ಕೈಲಿ ಬಿಚ್ಚಿಸಲೇಬ್ಯಾಡ್ರಿ.

ಹೊಸದು ತಗೊಳ್ಳೋವರು ಅಂಗಡ್ಯಾಗ ನಿಂತೇ ಮೂರು ಮಾತು ಕೇಳ್ರಿ: ಮಕ್ಸ್ ಸ್ವಿಚ್ ಅದನೋ ಇಲ್ಲೋ, ಚಾರ್ಜರ್ ಎಷ್ಟು ವ್ಯಾಟು, ದೊಡ್ಡ ಕಾರ್ಡ್ ಬಂದ್-ಚಾಲು ಮಾಡೋ ಮೋಡ್ ಎಲ್ಲದ. ಮೂರನೇದ್ದನ್ನ ಮಗಳಿಗೋ ಮಗನಿಗೋ ಅಲ್ಲೇ ಒಂದು ಸಲ ಮಾಡಿ ತೋರಸ್ರಿ ಅನ್ರಿ. ಮಾರೂಕಿಂತ ಮೊದಲ ಅವರ ಕಡಿ ಟೈಮ್ ಭಾಳ ಇರ್ತದ.