ಕೌಂಟರಿಗೆ ಟಾರ್ಗೆಟ್, ದೂರಿಗೆ ಕಾಲ್ ಸೆಂಟರ್

ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆಬಾಗಿಲಿಗೇ ಹೋಗಿ ಹಣ ಪಡೆಯುವ ಕೆಲಸವನ್ನು ಉಡುಪಿಯ ಪುಟ್ಟ ಬ್ಯಾಂಕೊಂದು 1928ರಲ್ಲಿ ಶುರುಮಾಡಿತು. ಕೈಮಗ್ಗದ ನೇಕಾರರು ಕಂಗೆಟ್ಟಿದ್ದ ಕಾಲ ಅದು. ಅವರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ 1925ರಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಕಟ್ಟಿದ್ದ ಆ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಅದರ ಪಿಗ್ಮಿ ಠೇವಣಿಯನ್ನು ಬಡವರ ಉಳಿತಾಯ ಯೋಜನೆ ಎಂದು ನಾವು ಕೊಂಡಾಡುತ್ತೇವೆ. ಗ್ರಾಹಕ ಸೇವೆಯನ್ನು ಹೇಗೆ ನಡೆಸಬೇಕು ಎಂಬುದಕ್ಕೆ ಈ ನೆಲದಲ್ಲಿ ಹುಟ್ಟಿದ ಅತ್ಯುತ್ತಮ ಮಾದರಿಯೂ ಅದೇ ಎಂಬುದು ನನ್ನ ಅಭಿಪ್ರಾಯ.

ಪಿಗ್ಮಿ ಏಜೆಂಟ್ ಮಾಡುತ್ತಿದ್ದ ಕೆಲಸವನ್ನು ಬಿಡಿಸಿ ನೋಡಿ. ಹೊಸ ಖಾತೆ ತರುವವನು ಅವನೇ, ದಿನವೂ ಬಂದು ಹಣ ಪಡೆದು ಬರೆದುಕೊಳ್ಳುವವನೂ ಅವನೇ. ಲೆಕ್ಕದಲ್ಲಿ ಹೆಚ್ಚುಕಡಿಮೆಯಾದರೆ ಬೈಸಿಕೊಳ್ಳುವವನೂ ಅವನೇ. ಮಾತು ತಪ್ಪಿದರೆ ಮಾರನೆಯ ದಿನ ಅದೇ ಅಂಗಡಿಯ ಮೆಟ್ಟಿಲು ಹತ್ತಿ ಮುಖ ತೋರಿಸಬೇಕಿತ್ತು. ಪಕ್ಕದ ಅಂಗಡಿಯವರೂ ಅದನ್ನು ನೋಡುತ್ತಿದ್ದರು. ಆ ಸೇವೆಗೆ ಬೇರೆ ಜಾಹೀರಾತು ಬೇಕಿರಲಿಲ್ಲ.

ಸೇವೆಯ ವ್ಯಾಪಾರ ವಸ್ತುವಿನ ವ್ಯಾಪಾರದಂತಲ್ಲ. ಕೆಟ್ಟ ಮಿಕ್ಸಿಯನ್ನು ಅಂಗಡಿಗೆ ಹಿಂದಿರುಗಿಸಬಹುದು. ಬ್ಯಾಂಕಿನ ಕೌಂಟರಿನಲ್ಲಿ ಕಳೆದ ಅರ್ಧ ದಿನವನ್ನು ಯಾರೂ ಹಿಂದಿರುಗಿಸಲಾರರು. ಸೇವೆ ತಯಾರಾಗುವುದು ಗ್ರಾಹಕನ ಕಣ್ಣೆದುರಿಗೆ, ಅವನು ಅದನ್ನು ಪಡೆಯುವ ಗಳಿಗೆಯಲ್ಲೇ. ಸ್ಕ್ಯಾಂಡಿನೇವಿಯನ್ ವಿಮಾನಯಾನ ಸಂಸ್ಥೆ ಎಸ್‌ಎಎಸ್‌ನ ಮುಖ್ಯಸ್ಥರಾಗಿದ್ದ ಯಾನ್ ಕಾರ್ಲ್‌ಸನ್ 1980ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು, ಪ್ರತಿಯೊಬ್ಬರೂ ಸುಮಾರು ಐವರು ಸಿಬ್ಬಂದಿಯ ಎದುರು ನಿಲ್ಲುತ್ತಾರೆ, ಪ್ರತಿ ಭೇಟಿ ಸರಾಸರಿ 15 ಸೆಕೆಂಡು. ಈ ಐದು ಕೋಟಿ ಭೇಟಿಗಳೇ ಸಂಸ್ಥೆಯ ಹಣೆಬರಹ ಎಂದ ಅವರು, ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರವನ್ನು ಕೌಂಟರಿನವರಿಗೆ ಕೊಟ್ಟರು. ನಷ್ಟದಲ್ಲಿದ್ದ ಸಂಸ್ಥೆ ಲಾಭಕ್ಕೆ ತಿರುಗಿತು.

ನಮ್ಮ ಬ್ಯಾಂಕುಗಳು ಹಿಡಿದಿರುವುದು ಇದಕ್ಕೆ ತದ್ವಿರುದ್ಧ ದಾರಿ. ಪಿಗ್ಮಿ ಏಜೆಂಟ್ ಒಬ್ಬನೇ ಹೊತ್ತಿದ್ದ ಕೆಲಸವನ್ನು ಮೂರು ತುಂಡು ಮಾಡಿ ಮೂರು ಕಡೆ ಹಂಚಿವೆ. ಸೇವೆ ಆ್ಯಪ್‌ಗೆ ಹೋಯಿತು, ದೂರು ಕಾಲ್ ಸೆಂಟರಿಗೆ ಹೋಯಿತು, ಶಾಖೆಗೆ ಉಳಿದದ್ದು ಮಾರಾಟದ ಟಾರ್ಗೆಟ್. ಸಾಲಕ್ಕೋ ಲಾಕರಿಗೋ ಹೋದವರ ಮುಂದೆ ವಿಮೆಯ ಅರ್ಜಿ ಬಂದು ಕೂರುವುದು ಇದರಿಂದಲೇ. 2024ರ ನವೆಂಬರ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕುಗಳ ಸಭೆಯೊಂದರಲ್ಲಿ, ವಿಮೆಯನ್ನು ಹೀಗೆ ತಪ್ಪಾಗಿ ಮಾರುವುದು ಜನರ ಸಾಲದ ವೆಚ್ಚವನ್ನು ಹೆಚ್ಚಿಸುತ್ತಿದೆ ಎಂದು ಎಚ್ಚರಿಸಿದ್ದರು. ಬೇಡದ ಪಾಲಿಸಿಯನ್ನು ಒಮ್ಮೆ ಹೊತ್ತುಕೊಂಡ ಗ್ರಾಹಕ ಅದೇ ಸಿಬ್ಬಂದಿಯ ಒಳ್ಳೆಯ ಸಲಹೆಯನ್ನೂ ಮುಂದೆ ನಂಬುವುದಿಲ್ಲ. ಆ ತಿಂಗಳ ಟಾರ್ಗೆಟ್ ಮುಟ್ಟಿದ ಶಾಖೆ ಹತ್ತಾರು ವರ್ಷಗಳ ವಿಶ್ವಾಸವನ್ನು ಕಳೆದುಕೊಳ್ಳುತ್ತದೆ, ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ.

ನಿಯಮಗಳಿಗೆ ಕೊರತೆಯಿಲ್ಲ. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಮಾತ್ರ ಕಡಿತವಾದರೆ ಐದು ದಿನದೊಳಗೆ ಮರುಜಮೆ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದಕ್ಕಾಗಿ ಗ್ರಾಹಕ ದೂರು ಕೊಡುವವರೆಗೆ ಕಾಯಬಾರದು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಆದೇಶಿಸಿದೆ. ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. 2021ರ ನವೆಂಬರ್‌ನಿಂದ ಈ ವ್ಯವಸ್ಥೆ ಇಡೀ ದೇಶಕ್ಕೆ ಒಂದೇ ಆಗಿದೆ. ಆದರೂ ಹಣ ಸಿಕ್ಕಿಕೊಂಡ ಹಿರಿಯರೊಬ್ಬರು ಶಾಖೆಗೆ ಹೋದರೆ ಕೇಳಿಬರುವ ಮಾತು, ‘ನಮ್ಮ ಕೈಲಿ ಏನೂ ಇಲ್ಲ, ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ.’

ಆ ಮಾತು ಬಹುತೇಕ ನಿಜ. ಅದಕ್ಕಾಗಿ ಕೌಂಟರಿನಲ್ಲಿ ಕುಳಿತವರನ್ನು ದೂರುವುದು ಅನ್ಯಾಯ. ಸಮಸ್ಯೆಯನ್ನು ಕೇಳಿಸಿಕೊಳ್ಳುವವರಿಗೆ ಅದನ್ನು ಬಗೆಹರಿಸುವ ಅಧಿಕಾರ ಇಲ್ಲ, ಅಧಿಕಾರ ಇರುವವರಿಗೆ ಗ್ರಾಹಕನ ಮುಖ ಕಾಣುವುದಿಲ್ಲ. ಕಾಲ್ ಸೆಂಟರಿನ ಕೆಲಸವನ್ನು ಅಳೆಯುವುದು ಎಷ್ಟು ದೂರು ಮುಗಿಸಿದರು ಎಂಬ ಲೆಕ್ಕದಲ್ಲಿ ಎಂದಾದರೆ, ‘ನಿಮ್ಮ ದೂರು ಮುಕ್ತಾಯಗೊಂಡಿದೆ’ ಎಂಬ ಸಂದೇಶ ಹಣಕ್ಕಿಂತ ಮೊದಲೇ ಬಂದುಬಿಡುತ್ತದೆ.

ಕರ್ನಾಟಕದ ಮಟ್ಟಿಗೆ ಇನ್ನೂ ಒಂದು ಪೆಟ್ಟು ಬಿದ್ದಿದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹೊರರಾಜ್ಯಗಳಲ್ಲಿ ಕೇಂದ್ರ ಕಚೇರಿ ಇರುವ ದೊಡ್ಡ ಬ್ಯಾಂಕುಗಳಲ್ಲಿ ಕರಗಿದವು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನ ಪಾಲಾಯಿತು. ವಿಲೀನಕ್ಕೆ ಆರ್ಥಿಕ ಕಾರಣಗಳಿದ್ದವು ಎಂಬುದನ್ನು ಒಪ್ಪೋಣ. ಆದರೆ ಕೇಂದ್ರ ಕಚೇರಿ ದೂರವಾದಷ್ಟೂ ಕೌಂಟರಿನ ಕನ್ನಡವೂ ದೂರವಾಗುತ್ತದೆ. ಸೇವೆಯಲ್ಲಿ ಭಾಷೆ ಹೊರಗಿನ ಅಲಂಕಾರವಲ್ಲ, ಸೇವೆಯ ಅರ್ಧ ಭಾಗ ಅದೇ. ಬಡ್ಡಿ, ಕಂತು, ನಾಮಿನಿ, ಮುಚ್ಚಳಿಕೆ ಇವನ್ನು ತನ್ನ ಭಾಷೆಯಲ್ಲಿ ಕೇಳಿ ತಿಳಿಯಲಾಗದ ರೈತ ಸಹಿ ಹಾಕುವುದು ಕುರುಡು ನಂಬಿಕೆಯಿಂದ. 2025ರ ಮೇನಲ್ಲಿ ಆನೇಕಲ್ ತಾಲ್ಲೂಕಿನ ಶಾಖೆಯೊಂದರ ವ್ಯವಸ್ಥಾಪಕಿ ಕನ್ನಡ ಮಾತನಾಡುವುದಿಲ್ಲ ಎಂದು ಹಟ ಹಿಡಿದದ್ದು ಮುಖ್ಯಮಂತ್ರಿಯವರ ಖಂಡನೆಯವರೆಗೂ ಹೋಯಿತು, ವ್ಯವಸ್ಥಾಪಕಿಯ ವರ್ಗಾವಣೆಯೊಂದಿಗೆ ಗದ್ದಲ ತಣ್ಣಗಾಯಿತು. ಕನ್ನಡ ಕಲಿಸದೆಯೇ ಸಿಬ್ಬಂದಿಯನ್ನು ಹಳ್ಳಿಯ ಕೌಂಟರಿಗೆ ಕೂರಿಸುವ ಪದ್ಧತಿಯ ಬಗ್ಗೆ ಅಷ್ಟೇ ಗಟ್ಟಿಯಾದ ಚರ್ಚೆ ನಡೆಯಲಿಲ್ಲ.

ಸೇವೆ ಕೊಡುವವರನ್ನು ಸಂಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದೂ ಇದರೊಂದಿಗೆ ಹೆಣೆದುಕೊಂಡಿದೆ. ಪಿಗ್ಮಿಯ ಕಥೆಯಲ್ಲೇ ಈ ನೋವಿದೆ. ಬಿಸಿಲು ಮಳೆಯಲ್ಲಿ ಅಲೆದು ಬ್ಯಾಂಕಿಗೆ ಹೆಸರು ತಂದ ಠೇವಣಿ ಸಂಗ್ರಾಹಕರು ಕಮಿಷನ್ ಮೇಲೆಯೇ ಬದುಕಿದರು. ಅವರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರು ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಲು 2001 ಬರಬೇಕಾಯಿತು. ಇವತ್ತು ಊಟ, ದಿನಸಿ ತಂದುಕೊಡುವ ಡೆಲಿವರಿ ಹುಡುಗರ ವಿಷಯದಲ್ಲೂ ಇದೇ ವಾದ ನಡೆದಿದೆ. ನಾಳೆ ತನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರಿಂದ ನಗುಮುಖದ ಸೇವೆ ಬಯಸುವುದು ಕ್ರೌರ್ಯ.

ಹಾಗಾದರೆ ಏನು ಮಾಡಬಹುದು? ಕೌಂಟರಿನ ಸಿಬ್ಬಂದಿಗೆ ವಿಮೆ, ಮ್ಯೂಚುವಲ್ ಫಂಡ್ ಮಾರುವ ಟಾರ್ಗೆಟ್ ಕೊಡುವುದನ್ನು ಮೊದಲು ನಿಲ್ಲಿಸಬೇಕು. ಕೆಲವು ಸಾವಿರ ರೂಪಾಯಿವರೆಗಿನ ತಕರಾರುಗಳನ್ನು ಮೇಲಿನವರನ್ನು ಕೇಳದೆ ಅಲ್ಲೇ ತೀರಿಸುವ ಅಧಿಕಾರ ಶಾಖೆಗೆ ಸಿಗಬೇಕು. ದೂರು ಮುಗಿಯಿತು ಎಂದು ಹೇಳುವ ಹಕ್ಕು ದೂರು ಕೊಟ್ಟವರಿಗೆ ಇರಬೇಕು. ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿತ್ತು. ಬ್ಯಾಂಕುಗಳು ತಮ್ಮ ಮೇಲಿನ ದೂರುಗಳ ವಿವರವನ್ನು ಪ್ರಕಟಿಸಬೇಕು, ತಮ್ಮಂಥ ಬ್ಯಾಂಕುಗಳ ಸರಾಸರಿ ಮೀರಿ ದೂರು ಬಂದರೆ ಅವನ್ನು ಬಗೆಹರಿಸುವ ವೆಚ್ಚವನ್ನೂ ಭರಿಸಬೇಕು ಎಂದಿತು. ಆ ವಿವರ ಇಡೀ ಬ್ಯಾಂಕಿನದು, ವಾರ್ಷಿಕ ವರದಿಯಲ್ಲಿ ಅಚ್ಚಾಗುವಂಥದು. ಕುಣಿಗಲ್ಲಿನ ಗ್ರಾಹಕರಿಗೆ ಬೇಕಿರುವುದು ಕುಣಿಗಲ್ ಶಾಖೆಯ ಲೆಕ್ಕ. ಎಷ್ಟು ದೂರು ಬಂದವು, ಎಷ್ಟು ದಿನದಲ್ಲಿ ತೀರಿದವು ಎಂಬುದನ್ನು ಪ್ರತಿ ಶಾಖೆಯೂ ಬಡ್ಡಿದರದ ಫಲಕದ ಪಕ್ಕದಲ್ಲೇ ಪ್ರತಿ ತಿಂಗಳು ಕನ್ನಡದಲ್ಲಿ ಬರೆದು ಹಾಕುವಂತೆ ರಿಸರ್ವ್ ಬ್ಯಾಂಕ್ ಆದೇಶಿಸಬೇಕು.